ಲೈನಿಂಗ್ ಇರುವ ಬಟ್ಟೆಚೀಲ: ಭಾರ ಎಲ್ಲಿ ಬೀಳುತ್ತದೆ ಎಂದು ನೋಡಿಕೊಂಡು ಹೊಲಿಯುವ ಬಗೆ

ಮನೆಯಲ್ಲಿ ಹೊಲಿದ ಚೀಲ ಸಾಮಾನ್ಯವಾಗಿ ಎರಡು ಕಡೆ ಕೈಕೊಡುತ್ತದೆ: ಹಿಡಿಕೆ ಸೇರುವ ಜಾಗ ಮತ್ತು ತಳದ ಮೂಲೆ. ಲೈನಿಂಗ್ ಹಾಕಿದ ಚೀಲದಲ್ಲಿ ಇದಕ್ಕೆ ಮೂರನೆಯದೊಂದು ಸೇರುತ್ತದೆ. ಹೊರಬಟ್ಟೆ ಗಟ್ಟಿಮುಟ್ಟಾಗಿಯೇ ಇರುತ್ತದೆ, ಒಳಗಿನ ಲೈನಿಂಗ್ ಮಾತ್ರ ಹೊಲಿಗೆಯ ಬಳಿ ಸೀಳಿಕೊಂಡು ಬಂದಿರುತ್ತದೆ. ಲೈನಿಂಗನ್ನು ಹೊರಬಟ್ಟೆಗಿಂತ ತೀರಾ ಚಿಕ್ಕದಾಗಿ ಕತ್ತರಿಸಿದಾಗ ಹೀಗಾಗುತ್ತದೆ. ಚಿಕ್ಕ ಲೈನಿಂಗ್ ಒಳಗೆ ತೊಟ್ಟಿಲಂತೆ ನೇತಾಡುತ್ತದೆ. ಐದು ಕೇಜಿ ಅಕ್ಕಿಯ ಭಾರವನ್ನು ಹೊರಬೇಕಾದ ಕ್ಯಾನ್ವಾಸ್ ಸುಮ್ಮನಿದ್ದು, ತೆಳ್ಳನೆಯ ಪಾಪ್ಲಿನ್ ಹೊರುತ್ತದೆ. ಭಾರವೆಲ್ಲ ಹೊರಬಟ್ಟೆಯ ಮೇಲೇ ಬೀಳಬೇಕು. ಹೊಲಿಗೆಯ ಅಂಚು ಮುಚ್ಚುವುದು, ಜೇಬು ಹಿಡಿದುಕೊಳ್ಳುವುದು, ಇಷ್ಟೇ ಲೈನಿಂಗಿನ ಕೆಲಸ. ಕೆಳಗಿನ ಅಳತೆಗಳನ್ನೂ ಕ್ರಮವನ್ನೂ ಇದನ್ನು ಮನಸ್ಸಿನಲ್ಲಿಟ್ಟುಕೊಂಡೇ ಹಾಕಿದೆ.

ಮುಗಿದ ಚೀಲದ ಅಳತೆ: ತುಂಬಿದಾಗ ಅಗಲ 14 ಇಂಚು, ಎತ್ತರ 15 ಇಂಚು, ತಳದ ಆಳ 4 ಇಂಚು. ತರಕಾರಿಗೂ ಸರಿ, ಲ್ಯಾಪ್‌ಟಾಪ್ ಮತ್ತು ಊಟದ ಡಬ್ಬಿಗೂ ಸರಿ.

ಬಟ್ಟೆ ಆಯ್ಕೆ

ಹೊರಬಟ್ಟೆಗೆ ಹತ್ತಿಯ ಕ್ಯಾನ್ವಾಸ್ ಉತ್ತಮ. ಅಂಗಡಿಯಲ್ಲಿ ಇದರ ತೂಕವನ್ನು ಔನ್ಸಿನಲ್ಲೋ ಜಿಎಸ್‌ಎಂನಲ್ಲೋ (ಚದರ ಮೀಟರಿಗೆ ಎಷ್ಟು ಗ್ರಾಂ) ಹೇಳುತ್ತಾರೆ. ಮನೆಯ ಮಷಿನ್ನಿಗೆ 8ರಿಂದ 10 ಔನ್ಸ್, ಅಂದರೆ ಸುಮಾರು 270ರಿಂದ 340 ಜಿಎಸ್‌ಎಂ ಸಾಕು. 12 ಔನ್ಸಿನದು ಕೈಗೆ ಗಟ್ಟಿಯಾಗಿ ಸಿಕ್ಕಿ ಆಸೆ ಹುಟ್ಟಿಸುತ್ತದೆ, ಆದರೆ ಹಿಡಿಕೆ ಸೇರುವಲ್ಲಿ ಆರು ಪದರ ಕ್ಯಾನ್ವಾಸ್ ಒಟ್ಟಾಗುತ್ತದೆ. ಅಲ್ಲಿ ಚಿಕ್ಕ ಮಷಿನ್ ನಿಂತೇಬಿಡುತ್ತದೆ. ಟಾರ್ಪಾಲಿನ್ ಅಂಗಡಿಯ ಮೇಣ ಹಚ್ಚಿದ ಕ್ಯಾನ್ವಾಸ್ ತರಬೇಡಿ. ಸೂಜಿಗೆ ಮೇಣ ಅಂಟುತ್ತದೆ, ಇಸ್ತ್ರಿ ಮಾಡಲು ಬರುವುದಿಲ್ಲ.

ಹಳೆಯ ಜೀನ್ಸ್ ಪ್ಯಾಂಟಿನ ಕಾಲುಗಳನ್ನು ಬಿಚ್ಚಿ ಜೋಡಿಸಿದರೂ ಒಳ್ಳೆಯ ಹೊರಬಟ್ಟೆಯೇ. ಹಿಗ್ಗುವ ಜೀನ್ಸ್ ಮಾತ್ರ ಬೇಡ; ಭಾರಕ್ಕೆ ಚೀಲ ಜೋತುಬೀಳುತ್ತದೆ. ಗುಳೇದಗುಡ್ಡದ ಖಣ, ಇಳಕಲ್ ಸೀರೆಯ ಸೆರಗು, ಕೈಮಗ್ಗದ ಹತ್ತಿ ಬಟ್ಟೆ ಇವೆಲ್ಲ ಚೀಲಕ್ಕೆ ಬಹಳ ಚೆಂದ, ಆದರೆ ಒಂಟಿಯಾಗಿ ಭಾರ ತಡೆಯುವಷ್ಟು ದಪ್ಪವಿಲ್ಲ. ಇಂಥ ಬಟ್ಟೆಗೆ ಹಿಂದೆ ಇನ್ನೊಂದು ಬಟ್ಟೆ ಕೊಡಲೇಬೇಕು. ಅದರ ಬಗ್ಗೆ ಮುಂದೆ ಹೇಳಿದೆ. ಖಣ ಕುಪ್ಪಸಕ್ಕಾಗಿ ನೇಯ್ದ ಬಟ್ಟೆ, ಪನ್ನಾ ಕಡಿಮೆ. ಕೊಳ್ಳುವ ಮುಂಚೆ ಟೇಪಿನಲ್ಲಿ ಅಗಲ ಅಳೆದು ನೋಡಿ.

ಲೈನಿಂಗಿಗೆ ಪಾಪ್ಲಿನ್ ಅಥವಾ ಒತ್ತಾಗಿ ನೇಯ್ದ ಹತ್ತಿ ಬಟ್ಟೆ. ನೈಲಾನ್, ಸ್ಯಾಟಿನ್ ಜಾರುತ್ತವೆ. ಕ್ಯಾನ್ವಾಸಿನ ಜೊತೆ ಹೊಲಿಯುವಾಗ ಅಂಚು ಸರಿದುಹೋಗಿ ಸುಕ್ಕಾಗುತ್ತದೆ. ಬಣ್ಣ ತಿಳಿಯಾಗಿದ್ದರೆ ಚೀಲದೊಳಗೆ ಬೀಗದ ಕೈ ಬೇಗ ಕಾಣುತ್ತದೆ. ಒದ್ದೆ ಸೊಪ್ಪು, ಮಣ್ಣು ಮೆತ್ತಿದ ಗೆಡ್ಡೆ ತರುವ ಚೀಲವಾದರೆ ಕಡುಬಣ್ಣವೇ ಲೇಸು.

ಎಷ್ಟು ಬೇಕು: ಕ್ಯಾನ್ವಾಸಿನ ಪನ್ನಾ 36 ಇಂಚು ಇರಲಿ, 44 ಇರಲಿ, ಬಣ್ಣ ಹಾಕಿದ್ದಾದರೆ ಒಂದು ಮೀಟರ್ ಸಾಲುತ್ತದೆ. ಕೋರಾ ಕ್ಯಾನ್ವಾಸ್ ಆದರೆ ಒಂದೂಕಾಲು ಮೀಟರ್ ತನ್ನಿ. ಅದು ಕುಗ್ಗುವುದು ಹೆಚ್ಚು. 58 ಇಂಚು ಪನ್ನಾ ಇದ್ದರೆ ಮುಕ್ಕಾಲು ಮೀಟರ್ ಸಾಕು. ಲೈನಿಂಗ್ 44 ಇಂಚಿನದಾದರೆ ಮುಕ್ಕಾಲು ಮೀಟರ್, 36ರದಾದರೆ ಒಂದು ಮೀಟರ್.

ಕತ್ತರಿಸುವ ಮುಂಚೆ ನೆನೆಸಿ

ಈ ಹಂತವನ್ನು ಬಿಟ್ಟರೆ ಮುಂದಿನ ಎಲ್ಲ ಅಳತೆಯೂ ಸುಳ್ಳಾಗುತ್ತದೆ. ಕ್ಯಾನ್ವಾಸ್ ಒಂದು ಪ್ರಮಾಣದಲ್ಲಿ ಕುಗ್ಗಿದರೆ ಪಾಪ್ಲಿನ್ ಬೇರೊಂದು ಪ್ರಮಾಣದಲ್ಲಿ ಕುಗ್ಗುತ್ತದೆ. ಹಾಗೆಯೇ ಹೊಲಿದ ಚೀಲವನ್ನು ಮೊದಲ ಸಲ ಒಗೆದಾಗ ಹೊರಗಿನದು ಚಿಕ್ಕದಾಗಿ ಒಳಗಿನದು ಉಬ್ಬಿ ಬಾಯಿಂದ ಇಣುಕುತ್ತದೆ. ಎರಡೂ ಬಟ್ಟೆಯನ್ನು ಬೇರೆ ಬೇರೆ ಬಕೆಟ್ಟಿನಲ್ಲಿ ಬಿಸಿನೀರಿಗೆ ಹಾಕಿ ರಾತ್ರಿಯಿಡೀ ಬಿಡಿ. ಕೋರಾ ಬಟ್ಟೆಯಾದರೆ ನೀರು ಹಳದಿಯಾಗಿ ಗಂಜಿಯಂತೆ ನುಣ್ಣಗಾಗುತ್ತದೆ; ಅದು ನೂಲಿಗೆ ಹಾಕಿದ ಗಂಜಿ. ನೀರು ತಿಳಿಯಾಗುವವರೆಗೆ ಜಾಲಿಸಿ, ಹಿಂಡದೆ ನೇತುಹಾಕಿ. ಸ್ವಲ್ಪ ಹಸಿ ಇರುವಾಗಲೇ ಇಸ್ತ್ರಿ ಮಾಡಿದರೆ ಕ್ಯಾನ್ವಾಸಿನ ಮಡಿಕೆ ಹೋಗುತ್ತದೆ. ಪೂರ್ತಿ ಒಣಗಿದ ಮೇಲೆ ಎಷ್ಟು ಒತ್ತಿದರೂ ಹೋಗುವುದಿಲ್ಲ.

ಕೆಂಪು, ಕಡುನೀಲಿ ಬಟ್ಟೆಯನ್ನು ಒದ್ದೆ ಬಿಳಿ ಚಿಂದಿಯಿಂದ ಉಜ್ಜಿ ನೋಡಿ. ಎರಡು ಮೂರು ಒಗೆತದ ನಂತರವೂ ಬಣ್ಣ ಬಿಡುತ್ತಿದ್ದರೆ ಅದನ್ನು ತಿಳಿಬಣ್ಣದ ಬಟ್ಟೆಯೊಂದಿಗೆ ಸೇರಿಸಬೇಡಿ. ಉಪ್ಪುನೀರಿನಲ್ಲಿ ನೆನೆಸಿದರೆ ನಿಲ್ಲುತ್ತದೆ ಎಂಬುದನ್ನು ನಂಬಿ ಕೂರಬೇಡಿ.

ಸೂಜಿ, ದಾರ, ಹೊಲಿಗೆಯ ಉದ್ದ

ಕ್ಯಾನ್ವಾಸಿಗೆ 16 ನಂಬರಿನ ಹೊಸ ಸೂಜಿ. ಜೀನ್ಸಿಗೆಂದು ಮಾರುವ ಸೂಜಿ ಸಿಕ್ಕರೆ ಇನ್ನೂ ಒಳ್ಳೆಯದು. ಹಿಡಿಕೆಯ ಜಾಗಕ್ಕೆ 18 ನಂಬರಿನದೊಂದು ಕೈಯಲ್ಲಿರಲಿ. ಬರೀ ಲೈನಿಂಗ್ ಹೊಲಿಯುವಾಗ 14. ದಾರ ಪಾಲಿಯೆಸ್ಟರಿನದಿರಲಿ, ಒಂದು ಗೇಣು ದಾರವನ್ನು ಎರಡು ಕೈಯಲ್ಲಿ ಹಿಡಿದು ಜಗ್ಗಿ, ಸುಲಭವಾಗಿ ತುಂಡಾದರೆ ಆ ಉಂಡೆ ಚೀಲಕ್ಕೆ ಬೇಡ. ಬಾಬಿನ್ನಿಗೂ ಅದೇ ದಾರ.

ಜೋಡಿಸುವ ಹೊಲಿಗೆಯ ಉದ್ದ 3 ಮಿ.ಮೀ., ಮೇಲೆ ಕಾಣುವ ಹೊಲಿಗೆಗೆ 3.5 ಮಿ.ಮೀ. ಹಳೆಯ ಕಪ್ಪು ಮಷಿನ್ನಿನ ಸನ್ನೆಯಲ್ಲಿ ಮಿ.ಮೀ. ಗುರುತು ಇಲ್ಲದಿದ್ದರೆ ಚಿಂದಿಯ ಮೇಲೆ ಹೊಲಿದು ಎಣಿಸಿ: ಒಂದು ಇಂಚಿಗೆ 8–9 ಟಾಕು ಬಂದರೆ 3 ಮಿ.ಮೀ., 7 ಬಂದರೆ 3.5. ಚಿಕ್ಕ ಟಾಕು ಹಾಕಿದರೆ ಗಟ್ಟಿ ಎಂದು ಹಲವರು ಭಾವಿಸುತ್ತಾರೆ. ದಪ್ಪ ಬಟ್ಟೆಯಲ್ಲಿ ಅದು ತಿರುಗುಮುರುಗು: ತೂತುಗಳು ಒತ್ತೊತ್ತಾಗಿ ಬಿದ್ದು, ಭಾರ ಬಿದ್ದಾಗ ಬಟ್ಟೆ ಆ ಸಾಲಿನಲ್ಲೇ ಹರಿಯುತ್ತದೆ.

ಸೂಜಿ ಬೀಳುವ ಜಾಗದಿಂದ ಬಲಕ್ಕೆ 13 ಮಿ.ಮೀ. (ಅರ್ಧ ಇಂಚು) ದೂರದಲ್ಲಿ ಒಂದು, 16 ಮಿ.ಮೀ. ದೂರದಲ್ಲಿ ಇನ್ನೊಂದು ಬಣ್ಣದ ಟೇಪ್ ತುಂಡನ್ನು ಮಷಿನ್ನಿನ ಮೇಲೆ ಅಂಟಿಸಿ. ಮೊದಲನೆಯದು ಹೊರಬಟ್ಟೆಗೆ, ಎರಡನೆಯದು ಲೈನಿಂಗಿಗೆ. ಇಡೀ ಚೀಲದ ಲೆಕ್ಕ ನಿಂತಿರುವುದು ಈ 3 ಮಿ.ಮೀ. ವ್ಯತ್ಯಾಸದ ಮೇಲೆ.

ಅಳತೆ ಮತ್ತು ಕತ್ತರಿಸುವುದು

ಪತ್ರಿಕೆಯ ಹಾಳೆಯಲ್ಲಿ 19 ಇಂಚು ಅಗಲ, 18 ಇಂಚು ಎತ್ತರದ ಆಯ ಬರೆದು, ಕೆಳಗಿನ ಎರಡು ಮೂಲೆಗಳಲ್ಲಿ 2 × 2 ಇಂಚಿನ ಚೌಕ ಕತ್ತರಿಸಿ ತೆಗೆಯಿರಿ. ನಾಲ್ಕೂ ತುಂಡಿಗೆ, ಅಂದರೆ ಎರಡು ಹೊರಬಟ್ಟೆಗೆ, ಎರಡು ಲೈನಿಂಗಿಗೆ ಇದೇ ಮಾದರಿ.

ಅಳತೆ ಬದಲಿಸಬೇಕೆಂದವರಿಗೆ ಲೆಕ್ಕ ಹೀಗೆ. ಕತ್ತರಿಸುವ ಅಗಲ = ಬೇಕಾದ ಅಗಲ + ತಳದ ಆಳ + 1 ಇಂಚು. ಕತ್ತರಿಸುವ ಎತ್ತರ = ಬೇಕಾದ ಎತ್ತರ + ಆಳದ ಅರ್ಧ + 1 ಇಂಚು. ಮೂಲೆಯ ಚೌಕದ ಬದಿ = ಆಳದ ಅರ್ಧ. ಬಾಯಿಯ ಕಡೆ ಚೀಲ ಚಪ್ಪಟೆಯಾಗಿ ಇಟ್ಟಾಗ 18 ಇಂಚು ಕಾಣುತ್ತದೆ, ಗಾಬರಿ ಬೇಡ. ತುಂಬಿದಾಗ ಅದರಲ್ಲಿ 4 ಇಂಚು ಪಕ್ಕಕ್ಕೆ ಹೋಗಿ ಮುಂಭಾಗ 14 ಆಗುತ್ತದೆ.

ತಳದಲ್ಲಿ ಮಡಿಕೆ ಬರುವಂತೆ ಒಂದೇ ಉದ್ದ ತುಂಡಿನಲ್ಲಿ ಕತ್ತರಿಸಿದರೆ ಒಂದು ಹೊಲಿಗೆಯ ಕೆಲಸ ತಪ್ಪುತ್ತದೆ ನಿಜ. ಆದರೆ ಬಟ್ಟೆಯಲ್ಲಿ ಆನೆ, ನವಿಲು, ಗಿಡ ಇದ್ದರೆ ಒಂದು ಮುಖದಲ್ಲಿ ತಲೆಕೆಳಗಾಗುತ್ತವೆ. ಚಿತ್ರಕ್ಕೆ ದಿಕ್ಕಿಲ್ಲದಿದ್ದರೆ ಮಾತ್ರ ಹಾಗೆ ಮಾಡಿ.

ಹಿಡಿಕೆಗೆ ಕ್ಯಾನ್ವಾಸಿನಲ್ಲಿ 4 ಇಂಚು ಅಗಲ, 28 ಇಂಚು ಉದ್ದದ ಎರಡು ಪಟ್ಟಿ. ಹೆಗಲಿಗೆ ಹಾಕುವ ಚೀಲಕ್ಕೆ ಈ ಉದ್ದ. ಕೈಯಲ್ಲಿ ಹಿಡಿಯುವುದಕ್ಕೆ 17 ಇಂಚು ಸಾಕು. ಪಟ್ಟಿಯ ಉದ್ದ ಹಾಸಿನ ಎಳೆಯ ಕಡೆ, ಅಂದರೆ ಬಟ್ಟೆಯ ಬಿಗಿ ಅಂಚಿಗೆ ಸಮಾನಾಂತರವಾಗಿ ಬರಬೇಕು. ಹೊಕ್ಕಿನ ಕಡೆ ಕತ್ತರಿಸಿದ ಹಿಡಿಕೆ ಬರಬರುತ್ತಾ ಉದ್ದವಾಗುತ್ತದೆ, ಅದೂ ಒಂದು ಹೆಚ್ಚು ಒಂದು ಕಡಿಮೆ. ಮಷಿನ್ ಅಷ್ಟು ಶಕ್ತಿಯದಲ್ಲದಿದ್ದರೆ ಬಟ್ಟೆಯ ಹಿಡಿಕೆ ಬಿಟ್ಟು 1 ಇಂಚಿನ ಹತ್ತಿ ನವಾರು ಪಟ್ಟಿ ತನ್ನಿ. ನಾಲ್ಕು ಪದರದ ಬದಲು ಒಂದೇ ಪದರ, ಗಟ್ಟಿತನದಲ್ಲಿ ಏನೂ ಕಡಿಮೆಯಿಲ್ಲ. ನವಾರನ್ನೂ ನೆನೆಸಿ ಒಣಗಿಸಿಯೇ ಕತ್ತರಿಸಿ.

ಜೇಬಿಗೆ ಲೈನಿಂಗ್ ಬಟ್ಟೆಯಲ್ಲಿ 8 × 13 ಇಂಚಿನ ಒಂದು ತುಂಡು.

ತೆಳು ಬಟ್ಟೆಗೆ ಬೆನ್ನು

ಖಣ, ಸೀರೆ, ಕೈಮಗ್ಗದ ಬಟ್ಟೆಗೆ ಎರಡು ದಾರಿ. ಟೈಲರ್ ಸಾಮಾನಿನ ಅಂಗಡಿಯಲ್ಲಿ ಸಿಗುವ ನೇಯ್ಗೆಯ ಪೇಸ್ಟಿಂಗ್ (ಇಸ್ತ್ರಿಯ ಶಾಖಕ್ಕೆ ಅಂಟುವ ಬೆನ್ನುಬಟ್ಟೆ) ಒಂದು. ಅದನ್ನು ಸುತ್ತಲೂ ಅರ್ಧ ಇಂಚು ಚಿಕ್ಕದಾಗಿ ಕತ್ತರಿಸಿ ಉಲ್ಟಾ ಬದಿಗೆ ಇಟ್ಟು, ಮೇಲೆ ತೆಳು ಒದ್ದೆ ಬಟ್ಟೆ ಹಾಸಿ, ಇಸ್ತ್ರಿಪೆಟ್ಟಿಗೆಯನ್ನು ಒಂದೊಂದು ಜಾಗದಲ್ಲಿ 10–12 ಸೆಕೆಂಡು ಒತ್ತಿ ಹಿಡಿದು, ಎತ್ತಿ ಪಕ್ಕಕ್ಕೆ ಇಡಿ. ಉಜ್ಜಿಕೊಂಡು ಹೋದರೆ ಬಟ್ಟೆ ಓರೆಯಾಗಿ ಅಂಟುತ್ತದೆ. ಪೂರ್ತಿ ತಣ್ಣಗಾಗುವವರೆಗೆ ಕದಲಿಸಬೇಡಿ. ಆಮೇಲೆ ಗುಳ್ಳೆ ಏಳುವುದು ಹೆಚ್ಚಾಗಿ ಈ ಅವಸರದಿಂದಲೇ. ಜರಿ ಅಥವಾ ಕೃತಕ ರೇಷ್ಮೆ ಇದ್ದರೆ ಮೊದಲು ಒಂದು ಮೂಲೆಯಲ್ಲಿ ಪರೀಕ್ಷಿಸಿ.

ಎರಡನೆಯ ದಾರಿ ಇನ್ನೂ ಗಟ್ಟಿ: ಅದೇ ಅಳತೆಯ ತೆಳು ಕ್ಯಾನ್ವಾಸನ್ನು ಹಿಂದೆ ಇಟ್ಟು, ಅಂಚಿನಿಂದ ಕಾಲು ಇಂಚು ಒಳಗೆ ಸುತ್ತಲೂ ಕಚ್ಚಾ ಹೊಲಿಗೆ ಹಾಕಿ ಎರಡನ್ನೂ ಒಂದೇ ಬಟ್ಟೆಯೆಂದು ಮುಂದುವರಿಸಿ. ಭಾರದ ಸಾಮಾನಿಗೆ ಖಣದ ಚೀಲ ಹೊಲಿಯುವುದಾದರೆ ಇದೇ ಸರಿ. ಅಂಗಡಿಯವರು ಕೊಡುವ ನಾನ್‌ವೋವನ್ ಚೀಲವನ್ನು ಬಿಚ್ಚಿ ಒಳಗೆ ಕೊಡುವ ರೂಢಿ ಇದೆ. ಅದು ಬಟ್ಟೆಯಂತೆ ಕಂಡರೂ ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್. ಹತ್ತಿಗೆ ಬೇಕಾದ ಶಾಖದಲ್ಲಿ ಇಸ್ತ್ರಿ ಮಾಡಿದ ಕೂಡಲೇ ಕರಗುತ್ತದೆ, ಬಿಸಿಲಿಗೆ ಪುಡಿಯಾಗುತ್ತದೆ. ಅದು ಬೇಡ.

ಹಿಡಿಕೆ

ಪಟ್ಟಿಯನ್ನು ಉದ್ದಕ್ಕೆ ಮಧ್ಯ ಮಡಚಿ ಇಸ್ತ್ರಿ ಒತ್ತಿ ಬಿಚ್ಚಿ. ಎರಡೂ ಅಂಚನ್ನು ಆ ಮಧ್ಯದ ಗೆರೆಗೆ ತಂದು ಮತ್ತೆ ಒತ್ತಿ, ಪುನಃ ಮಧ್ಯಕ್ಕೆ ಮಡಚಿದರೆ 1 ಇಂಚು ಅಗಲದ ನಾಲ್ಕು ಪದರದ ಪಟ್ಟಿ. ಎರಡೂ ಅಂಚಿನಿಂದ 3 ಮಿ.ಮೀ. ಒಳಗೆ ಉದ್ದಕ್ಕೆ ಹೊಲಿಯಿರಿ. ಎರಡು ಸಾಲನ್ನೂ ಒಂದೇ ತುದಿಯಿಂದ ಶುರುಮಾಡಬೇಕು. ಹೋಗಿ ತಿರುಗಿ ಬಂದರೆ ಮೇಲಿನ ಪದರ ಎರಡು ದಿಕ್ಕಿಗೆ ಜಗ್ಗಿಕೊಂಡು ಪಟ್ಟಿ ತಿರುಚುತ್ತದೆ.

ಇನ್ನು ಇದನ್ನು ಹೊರಬಟ್ಟೆಯ ಸೀದಾ ಬದಿಗೆ ಕೂರಿಸುವುದು. ಬದಿ ಜೋಡಿಸುವ ಮುಂಚೆ, ತುಂಡು ಚಪ್ಪಟೆಯಾಗಿರುವಾಗಲೇ ಮಾಡಿ. ಮೇಲಿನ ಅಂಚಿನ ಮಧ್ಯಬಿಂದು ಗುರುತಿಸಿ, ಅಲ್ಲಿಂದ ಎಡಕ್ಕೂ ಬಲಕ್ಕೂ 3 ಇಂಚು ಅಳೆಯಿರಿ. ಹಿಡಿಕೆಯ ಒಳ ಅಂಚು ಆ ಗುರುತಿಗೆ ಬರಬೇಕು, ನಡುವೆ 6 ಇಂಚು ಉಳಿಯುತ್ತದೆ. ಹಿಡಿಕೆಯ ಕುಣಿಕೆ ಕೆಳಕ್ಕೆ ಇಳಿಬಿದ್ದಿರಲಿ, ತುದಿಗಳು ಬಟ್ಟೆಯ ಅಂಚಿನಿಂದ 1 ಇಂಚು ಹೊರಗೆ ಚಾಚಿರಲಿ.

ಈ ಒಂದು ಇಂಚಿನ ಬಾಲವನ್ನು ಬಹಳ ಮಂದಿ ಬಿಡುತ್ತಾರೆ. ತುದಿಯನ್ನು ಅಂಚಿಗೆ ಸಮನಾಗಿಟ್ಟರೆ ಹಿಡಿಕೆಯನ್ನು ಹಿಡಿದಿರುವುದು ಬಾಯಿಯ ಒಂದೇ ಸಾಲು ಹೊಲಿಗೆ. ಜಗ್ಗಾಟವೆಲ್ಲ ಆ ಏಳೆಂಟು ಟಾಕಿನ ಮೇಲೆ. ಬಾಲ ಇದ್ದರೆ ಚೀಲ ಮಗುಚಿದ ಮೇಲೆ ಅದು ಎರಡು ಬಟ್ಟೆಯ ನಡುವೆ ಕೆಳಗಿಳಿದು ನಿಲ್ಲುತ್ತದೆ; ಅದರ ಮೇಲೆ ಚೌಕ ಹೊಲಿಗೆ ಹಾಕಿದಾಗ ಭಾರ ಹೊರಬಟ್ಟೆಗೆ ಹಂಚಿಹೋಗುತ್ತದೆ. ಹಿಡಿಕೆ ತಿರುಚಿಲ್ಲ ಎಂದು ನೋಡಿಕೊಂಡು, ಅಂಚಿನಿಂದ ಕಾಲು ಇಂಚಿನಲ್ಲಿ ಕಚ್ಚಾ ಹೊಲಿಗೆ ಹಾಕಿ. ಇನ್ನೊಂದು ತುಂಡಿಗೂ ಹೀಗೆಯೇ.

ಜೇಬು

ತುಂಡನ್ನು ಸೀದಾ ಬದಿ ಒಳಗಾಗಿ ಮಡಚಿ 8 × 6½ ಮಾಡಿ, ಮೂರು ಬದಿ ಅರ್ಧ ಇಂಚಿನಲ್ಲಿ ಹೊಲಿದು, ಕೆಳಗೆ 2 ಇಂಚು ಬಿಟ್ಟು, ಮೂಲೆ ಕತ್ತರಿಸಿ ಮಗುಚಿ. ಮಡಿಕೆಯ ಅಂಚು ಮೇಲಿರಬೇಕು. ಒಂದು ಲೈನಿಂಗ್ ತುಂಡಿನ ಸೀದಾ ಬದಿಯಲ್ಲಿ, ಮೇಲಿನ ಅಂಚಿನಿಂದ 3½ ಇಂಚು ಕೆಳಗೆ ಇಟ್ಟು ಮೂರು ಬದಿ ಹೊಲಿಯಿರಿ. ಬಾಯಿಯ ಎರಡು ಮೂಲೆಯಲ್ಲಿ ಚಿಕ್ಕ ತ್ರಿಕೋನ ಹೊಲಿಗೆ ಹಾಕಿ. ಜೇಬು ಕೀಳುವುದು ಯಾವಾಗಲೂ ಅಲ್ಲಿಂದ.

ಹೊರಚೀಲ, ಒಳಚೀಲ

ಎರಡು ಹೊರತುಂಡನ್ನು ಸೀದಾ ಬದಿ ಮುಖಾಮುಖಿ ಇಟ್ಟು ಎರಡು ಬದಿ ಮತ್ತು ತಳ 13 ಮಿ.ಮೀ. ಗುರುತಿನಲ್ಲಿ ಹೊಲಿಯಿರಿ, ಮೂಲೆಯ ಚೌಕಗಳನ್ನು ಬಿಡಿ. ತಳದ ಹೊಲಿಗೆಯ ಮೇಲೆ ಇನ್ನೊಂದು ಸಲ. ಅಂಚುಗಳನ್ನು ಎರಡು ಕಡೆಗೆ ಬಿಡಿಸಿ ಇಸ್ತ್ರಿ ಒತ್ತಿ. ಇನ್ನು ಮೂಲೆ: ಚೌಕದ ಬಾಯಿ ತೆರೆದು, ಬದಿ ಹೊಲಿಗೆ ತಳದ ಹೊಲಿಗೆಯ ಮೇಲೆ ನೇರ ಕೂರುವಂತೆ ಎಳೆದರೆ ಎರಡು ಅಂಚು ಒಂದು ನೇರ ಸಾಲಾಗುತ್ತದೆ. ಮಧ್ಯದಲ್ಲಿ ಪಿನ್ ಹಾಕಿ ಅರ್ಧ ಇಂಚಿನಲ್ಲಿ ಹೊಲಿಯಿರಿ. ಇಲ್ಲೂ ಎರಡು ಸಾಲು. ಹೊಲಿಗೆ ಮಡಿಕೆಯ ತುದಿಯಿಂದ ತುದಿಗೆ ಪೂರ್ತಿ ಮುಟ್ಟಬೇಕು. ಎರಡು ಟಾಕು ಕಡಿಮೆ ಬಿದ್ದರೂ ತಳದ ಮೂಲೆಯಲ್ಲಿ ಕಿಂಡಿ ಉಳಿಯುತ್ತದೆ, ಭಾರಕ್ಕೆ ಅದು ದಿನದಿನಕ್ಕೂ ಅಗಲವಾಗುತ್ತದೆ.

ಲೈನಿಂಗನ್ನೂ ಹೀಗೆಯೇ, ಮೂರು ವ್ಯತ್ಯಾಸಗಳೊಂದಿಗೆ. ಬದಿ ಮತ್ತು ತಳ 16 ಮಿ.ಮೀ. ಗುರುತಿನಲ್ಲಿ. ಆದರೆ ಬದಿಯ ಮೇಲ್ತುದಿಯಲ್ಲಿ 13ರಿಂದ ಶುರುಮಾಡಿ, 2 ಇಂಚು ಕೆಳಗಿಳಿಯುವಷ್ಟರಲ್ಲಿ ನಿಧಾನವಾಗಿ 16ಕ್ಕೆ ಬನ್ನಿ. ಇಲ್ಲವಾದರೆ ಬಾಯಿಯ ಸುತ್ತಳತೆ ಹೊರಚೀಲಕ್ಕೆ ಹೊಂದದೆ ಸುಕ್ಕು ಬರುತ್ತದೆ. ಮೂರನೆಯದಾಗಿ, ತಳದ ಮಧ್ಯದಲ್ಲಿ 6 ಇಂಚು ಹೊಲಿಯದೆ ಬಿಡಿ, ಎರಡು ಕಡೆಯೂ ರಿವರ್ಸ್ ಹೊಲಿಗೆಯಿಂದ ಭದ್ರ ಮಾಡಿ. ಕ್ಯಾನ್ವಾಸಿನ ಚೀಲ ಇದೇ ಕಿಂಡಿಯಿಂದ ಹೊರಬರಬೇಕು, ಹಾಗಾಗಿ ಇನ್ನೂ ಚಿಕ್ಕದು ಮಾಡಬೇಡಿ. ಮೂಲೆಗಳ ಹೊಲಿಗೆ ಮಾತ್ರ ಅರ್ಧ ಇಂಚಿನದೇ.

ಜೋಡಣೆ

ಹೊರಚೀಲವನ್ನು ಸೀದಾ ಬದಿ ಹೊರಗೆ ಬರುವಂತೆ ಮಗುಚಿ. ಲೈನಿಂಗ್ ಉಲ್ಟಾ ಬದಿ ಹೊರಗಿರುವಂತೆಯೇ ಇರಲಿ. ಹೊರಚೀಲವನ್ನು ಅದರೊಳಗೆ ಇಳಿಸಿ. ಈಗ ಸೀದಾ ಬದಿಗಳು ಮುಖಾಮುಖಿ, ಹಿಡಿಕೆಗಳು ನಡುವೆ ಅಡಗಿವೆ. ಮೊದಲು ಎರಡು ಬದಿ ಹೊಲಿಗೆಗಳನ್ನು ಹೊಂದಿಸಿ ಪಿನ್ ಮಾಡಿ, ಆಮೇಲೆ ಮಧ್ಯಬಿಂದುಗಳು, ಆಮೇಲೆ ಉಳಿದ ಭಾಗ. ದಪ್ಪ ಬಟ್ಟೆಗೆ ಪಿನ್ನಿಗಿಂತ ಬಟ್ಟೆ ಒಣಹಾಕುವ ಚಿಕ್ಕ ಕ್ಲಿಪ್ ಒಳ್ಳೆಯದು.

ಬದಿ ಹೊಲಿಗೆಯ ಬಳಿ ಶುರುಮಾಡಿ ಬಾಯಿಯ ಸುತ್ತ ಅರ್ಧ ಇಂಚಿನಲ್ಲಿ ಹೊಲಿಯಿರಿ. ಬಹುತೇಕ ಮನೆಗಳಲ್ಲಿರುವುದು ಚಪ್ಪಟೆ ಹಾಸಿನ ಮಷಿನ್, ಚೀಲವನ್ನು ತೋಳಿಗೆ ತೊಡಿಸಲು ಆಗುವುದಿಲ್ಲ. ಆಗ ಚೀಲದ ಬಾಯಿ ಮೇಲಕ್ಕೆ ತೆರೆದಿರುವಂತೆ ಇಟ್ಟು, ಮಷಿನ್ನಿನ ಪಾದವನ್ನು (ಬಟ್ಟೆ ಒತ್ತಿಹಿಡಿಯುವ ಭಾಗ) ಒಳಗೆ ಇಳಿಸಿ, ಒಳಮೈ ನೋಡುತ್ತಾ ಹೊಲಿದರೆ ಸಲೀಸು.

ಹಿಡಿಕೆಯ ಜಾಗ ಬಂದಾಗ ಪಾದದ ಮುಂಭಾಗ ಮೇಲಕ್ಕೆ ಎದ್ದು ಟಾಕು ಬಿಟ್ಟುಹೋಗುತ್ತದೆ. ಅದೇ ದಪ್ಪಕ್ಕೆ ಮಡಚಿದ ಕ್ಯಾನ್ವಾಸ್ ಚಿಂದಿಯನ್ನು ಪಾದದ ಹಿಂಭಾಗಕ್ಕೆ ಕೊಟ್ಟು ಮಟ್ಟ ಮಾಡಿ, ಮೋಟಾರು ಬಿಟ್ಟು ಕೈಚಕ್ರ ತಿರುಗಿಸಿ ಒಂದೊಂದೇ ಟಾಕು ಹಾಕಿ. ಬಟ್ಟೆಯನ್ನು ಹಿಂದಿನಿಂದ ಜಗ್ಗಬಾರದು; ಸೂಜಿ ಬಾಗಿ ತಗಡಿಗೆ ಬಡಿದು ಮುರಿಯುವುದು ಹಾಗೆಯೇ. ಹಿಡಿಕೆಗಳ ಮೇಲೆ ಮಾತ್ರ ಮತ್ತೊಂದು ಸಾಲು ಹೊಲಿಯಿರಿ.

ಲೈನಿಂಗಿನ ಕಿಂಡಿಯಿಂದ ಇಡೀ ಚೀಲವನ್ನು ಹೊರಕ್ಕೆ ಎಳೆಯಿರಿ. ಕಿಂಡಿ ಮುಚ್ಚುವ ಮುಂಚೆ ಒಂದು ಕೆಲಸ: ಒಳಗೆ ಕೈ ಹಾಕಿ, ಲೈನಿಂಗಿನ ತಳದ ಮೂಲೆಯ ಅಂಚನ್ನು ಹೊರಬಟ್ಟೆಯ ಅದೇ ಮೂಲೆಯ ಅಂಚಿಗೆ ಸೂಜಿದಾರದಲ್ಲಿ ನಾಲ್ಕೈದು ಟಾಕು ಸಡಿಲವಾಗಿ ಸೇರಿಸಿ, ಎರಡೂ ಮೂಲೆಯಲ್ಲಿ. ಪುಸ್ತಕ ಹೊರಗೆಳೆದಾಗ ಲೈನಿಂಗ್ ಜೊತೆಗೇ ಎದ್ದುಬರುವುದು ಇದರಿಂದ ನಿಲ್ಲುತ್ತದೆ. ನಂತರ ಕಿಂಡಿಯ ಅಂಚುಗಳನ್ನು ಒಳಕ್ಕೆ ಮಡಚಿ ಅಂಚಿಗೆ ಹತ್ತಿರ ಮಷಿನ್ ಹೊಲಿಗೆ ಹಾಕಿ ಮುಚ್ಚಿ.

ಬಾಯಿಯನ್ನು ಇಸ್ತ್ರಿ ಒತ್ತುವಾಗ ಲೈನಿಂಗನ್ನು ಬೆರಳಿನಲ್ಲಿ ಒಳಕ್ಕೆ ಉರುಳಿಸಿ, ಹೊರಬಟ್ಟೆ ಕೂದಲೆಳೆಯಷ್ಟು ಮೇಲೆ ಬರಲಿ. ಅಂಚಿನಿಂದ 3 ಮಿ.ಮೀ.ಗೆ ಒಂದು ಸಾಲು, 1 ಇಂಚಿಗೆ ಎರಡನೆಯ ಸಾಲು, 3.5 ಮಿ.ಮೀ. ಟಾಕಿನಲ್ಲಿ. ಎರಡನೆಯ ಸಾಲು ಹಿಡಿಕೆಯ ಬಾಲಗಳನ್ನು ಹಿಡಿದುಕೊಳ್ಳುತ್ತದೆ. ಕೊನೆಗೆ ನಾಲ್ಕೂ ಹಿಡಿಕೆಯ ಬುಡದಲ್ಲಿ, ಈ ಎರಡು ಸಾಲಿನ ನಡುವೆ, ಚೌಕ ಹೊಲಿದು ಒಳಗೆ ಮೂಲೆಯಿಂದ ಮೂಲೆಗೆ ಕತ್ತರಿಗುರುತು ಹಾಕಿ. ಬಾಲ ಎಲ್ಲಿದೆ ಎಂದು ಹೊರಗಿನಿಂದ ಬೆರಳಿನಲ್ಲಿ ಒತ್ತಿದರೆ ತಿಳಿಯುತ್ತದೆ. ಸೀಮೆಸುಣ್ಣದಲ್ಲಿ ಗುರುತು ಮಾಡಿಕೊಂಡರೆ ಚೌಕ ನೇರ ಬರುತ್ತದೆ.

ಕೆಟ್ಟರೆ ಎಲ್ಲಿ ನೋಡಬೇಕು

ಕೆಳಗೆ ದಾರ ಗುಂಪುಗಟ್ಟಿದರೆ ಬಾಬಿನ್ನನ್ನು ಬೈಯುವ ಮುಂಚೆ ಮೇಲಿನ ದಾರವನ್ನು ಪೂರ್ತಿ ತೆಗೆದು, ಪಾದ ಎತ್ತಿಟ್ಟುಕೊಂಡು ಮತ್ತೆ ಪೋಣಿಸಿ. ಪಾದ ಇಳಿಸಿದ್ದಾಗ ದಾರ ಟೆನ್ಷನ್ ತಟ್ಟೆಗಳ ನಡುವೆ ಕೂರುವುದೇ ಇಲ್ಲ. ಟಾಕು ಬಿಟ್ಟುಹೋಗುತ್ತಿದ್ದರೆ ಸೂಜಿ ಮೊಂಡಾಗಿದೆ ಅಥವಾ ತೆಳ್ಳಗಾಯಿತು. ಚೀಲ ಒಂದು ಕಡೆಗೆ ಓರೆಯಾಗಿ ನಿಂತರೆ ಬಟ್ಟೆಯನ್ನು ಎಳೆಗೆ ನೇರವಾಗಿ ಕತ್ತರಿಸಿಲ್ಲ. ಹೊಲಿದ ಮೇಲೆ ಅದಕ್ಕೆ ಮದ್ದಿಲ್ಲ. ತಳದಲ್ಲಿ ಲೈನಿಂಗ್ ಮುದ್ದೆಯಾದರೆ ಮಾತ್ರ ಸರಿಮಾಡಬಹುದು: ಕಿಂಡಿ ಬಿಚ್ಚಿ, ಮೂಲೆಯ ಟಾಕು ಕಡಿದು, ಲೈನಿಂಗಿನ ತಳದಲ್ಲಿ ಹಳೆಯ ಹೊಲಿಗೆಗಿಂತ 3 ಮಿ.ಮೀ. ಒಳಗೆ ಇನ್ನೊಂದು ಸಾಲು ಹೊಲಿಯಿರಿ. ಅದಕ್ಕಿಂತ ಹೆಚ್ಚು ಬೇಡ, ಭಾರ ಲೈನಿಂಗಿಗೆ ಬಿದ್ದೀತು.

ತಳ ಚಪ್ಪಟೆಯಾಗಿ ನಿಲ್ಲಬೇಕೆಂದರೆ 13½ × 3¾ ಇಂಚಿನ ಪ್ಲಾಸ್ಟಿಕ್ ಹಾಳೆಯ ಮೂಲೆಗಳನ್ನು ಗುಂಡಗೆ ಕತ್ತರಿಸಿ, ಉಳಿದ ಲೈನಿಂಗ್ ಬಟ್ಟೆಯ ಗವಸಿನಲ್ಲಿ ಹಾಕಿ ಒಳಗಿಡಿ. ಹೊಲಿದು ಸೇರಿಸಬೇಡಿ, ಒಗೆಯುವಾಗ ಅದನ್ನು ತೆಗೆದು, ಚೀಲ ಮಗುಚಿ ತಣ್ಣೀರಿನಲ್ಲಿ ಒಗೆದು, ನೆರಳಿನಲ್ಲಿ ತಲೆಕೆಳಗಾಗಿ ಒಣಹಾಕಬೇಕು. ಹಿಡಿಕೆಯಿಂದ ನೇತುಹಾಕಿದರೆ ನೀರೆಲ್ಲ ತಳದ ಮೂಲೆಗೆ ಇಳಿದು, ಆರು ಪದರದ ಆ ಜಾಗ ಒಣಗದೆ ಬೂಸ್ಟು ಹಿಡಿಯುತ್ತದೆ.